ಕಂಪ್ಯೂಟರ್ ಬದಲಿಸುವ ಮೊದಲು ಕ್ವೆರಿ ನೋಡಿಸಿ

ಮಾನ್ಯ ಸಂಪಾದಕರೇ,

ಬಟವಾಡೆ ದಿನ ಡೇರಿಯಲ್ಲಿ ‘ಕಂಪ್ಯೂಟರ್ ಸ್ಲೋ ಇದೆ, ಕೂತ್ಕೊಳ್ಳಿ’ ಅನ್ನುವುದು ಮಾಮೂಲಾಗಿದೆ. ಹೊಸ ಕಂಪ್ಯೂಟರ್ ಕೊಳ್ಳಲು ಸಂಘದ ಸಭೆಯಲ್ಲಿ ಒಪ್ಪಿಗೆಯೂ ಸಿಗುತ್ತದೆ. ಹಾಲು ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವ ನನ್ನ ಕೋರಿಕೆ ಇಷ್ಟೆ: ರೈತರ ದುಡ್ಡು ಖರ್ಚು ಮಾಡುವ ಮೊದಲು ಒಳಗಿನ ಎಸ್‌ಕ್ಯೂಎಲ್ ಕ್ವೆರಿಗಳನ್ನು, ಅಂದರೆ ಡೇಟಾಬೇಸಿನಿಂದ ಲೆಕ್ಕ ಕೇಳುವ ಆದೇಶಗಳನ್ನು, ನೋಡಿಸಿ.

ಡೇಟಾಬೇಸಿನಲ್ಲಿ ಸದಸ್ಯರದು ಒಂದು ಟೇಬಲ್ (ಪಟ್ಟಿ), ಅಳೆದ ಹಾಲಿನದು ಇನ್ನೊಂದು, ಸಾಲಕ್ಕೆ ಒಯ್ದ ಪಶು ಆಹಾರದ್ದು ಮತ್ತೊಂದು. 200 ಸದಸ್ಯರಿದ್ದರೆ 200 ಸಲ ಡೇಟಾಬೇಸಿಗೆ ಹೋಗಿ ಒಬ್ಬೊಬ್ಬರದೇ ಲೆಕ್ಕ ತರುವ ಪ್ರೋಗ್ರಾಮುಗಳಿವೆ. ಸದಸ್ಯವಾರು ಗುಂಪು ಮಾಡಿ ಕೂಡಿಸುವ ಗ್ರೂಪ್ ಬೈ ಹಾಕಿದ ಒಂದೇ ಕ್ವೆರಿಯಲ್ಲಿ ಆಗುವ ಕೆಲಸ ಅದು. ಇನ್ನು ದಿನಾಂಕಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಪುಸ್ತಕದ ಕೊನೆಯ ಸೂಚಿಯಂಥದ್ದು) ಇದ್ದರೂ ‘ತಿಂಗಳು 6’ ಎಂದು, ದಿನಾಂಕದಿಂದ ತಿಂಗಳು ತೆಗೆಯುವ ಫಂಕ್ಷನ್ ಹಾಕಿ ಹುಡುಕಿದರೆ ಆ ಇಂಡೆಕ್ಸ್ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಜೂನ್ 1ರಿಂದ, ಜುಲೈ 1ಕ್ಕಿಂತ ಮೊದಲು ಎಂದು ಕೇಳಬೇಕು. ಫಾರಿನ್ ಕೀ (ಒಂದು ಟೇಬಲ್ಲಿನ ಸಾಲನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿ) ಇದ್ದರೆ ಇಂಡೆಕ್ಸ್ ತಾನಾಗೇ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಬರುವುದಿಲ್ಲ, ನಾವೇ ಹಾಕಬೇಕು.

ಇವೆಲ್ಲ ನಿಧಾನದ ಮಾತಾಯಿತು. ನನಗೆ ಹೆಚ್ಚು ಸಂಕಟವಾಗುವುದು ತಪ್ಪು ಲೆಕ್ಕ ಕಂಡಾಗ. 15 ದಿನ ಎರಡು ಹೊತ್ತು ಹಾಲು ಹಾಕಿದವರಿಗೆ 30 ಸಾಲು ಇರುತ್ತವೆ. ಅವರು ಎರಡು ಸಲ ಆಹಾರ ಒಯ್ದಿದ್ದರೆ 2 ಸಾಲು. ಮೂರೂ ಟೇಬಲ್‌ಗಳನ್ನು ನೇರವಾಗಿ ಜಾಯಿನ್ ಮಾಡಿದರೆ (ಜೋಡಿಸಿದರೆ) ಹಾಲಿನ ಒಂದೊಂದು ಸಾಲಿಗೂ ಆಹಾರದ ಎರಡೂ ಸಾಲು ಸೇರಿ 60 ಸಾಲಾಗುತ್ತವೆ. ಹಾಲಿನ ಹಣ ಎರಡರಷ್ಟು, ಆಹಾರದ ಕಡಿತ ಮೂವತ್ತರಷ್ಟು! ಇದನ್ನು ಮುಚ್ಚಲು ಕೆಲವರು ಕೂಡಿಸುವ ಸಮ್ ಒಳಗೆ ಡಿಸ್ಟಿಂಕ್ಟ್ (ಒಂದೇ ಮೊತ್ತವನ್ನು ಒಮ್ಮೆ ಮಾತ್ರ ಎಣಿಸು) ಸೇರಿಸುತ್ತಾರೆ. ಆಗ ಬಿಲ್ಲು ಸರಿ ಬಂದಂತೆಯೇ ಕಾಣುತ್ತದೆ. ಆದರೆ ಎರಡು ಹೊತ್ತಿನ ಹಾಲಿಗೂ 210 ರೂಪಾಯಿಯೇ ಬಂದಿದ್ದರೆ ಒಂದು ಹೊತ್ತಿನದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಇನ್ನೊಂದು 210 ರೂಪಾಯಿ ರೈತನಿಗೆ ಗೊತ್ತೇ ಆಗದಂತೆ ಹೋಯಿತು, ಅಲ್ವಾ?

ಹಾಲು, ಆಹಾರ ಎರಡನ್ನೂ ಸದಸ್ಯವಾರು ಬೇರೆ ಬೇರೆ ಕೂಡಿಸಿ, ಆಮೇಲೆ ಸದಸ್ಯರ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿದರೆ ಲೆಕ್ಕ ಸರಿ ಬರುತ್ತದೆ. ಆಹಾರ ಒಯ್ಯದವರೂ ಪಟ್ಟಿಯಿಂದ ಬಿಟ್ಟುಹೋಗುವುದಿಲ್ಲ. ಜೋಡಿಸುವ ಸಾಲುಗಳು ಕಡಿಮೆಯಾಗುವುದರಿಂದ ವೇಗವೂ ಜಾಸ್ತಿ.

ಸಾಫ್ಟ್‌ವೇರ್ ಒಪ್ಪಿಕೊಳ್ಳುವ ಮುನ್ನ ಸಂಘದವರು ಎರಡು ಸಲ ಆಹಾರ ಒಯ್ದ, ಹಾಲಿಗೆ ಒಂದೇ ಮೊತ್ತ ಎರಡು ಸಲ ಬಂದ ಒಬ್ಬ ಸದಸ್ಯರ ಬಿಲ್ಲನ್ನು ಕೈಲೆಕ್ಕದ ಜೊತೆ ಹೋಲಿಸಿ ನೋಡಲಿ. ಬಟವಾಡೆ ಕ್ವೆರಿಯ ಎಕ್ಸ್‌ಪ್ಲೇನ್ (ಡೇಟಾಬೇಸ್ ಅದನ್ನು ಹೇಗೆ ಓಡಿಸುತ್ತದೆ ಎಂಬ ವಿವರ) ತೋರಿಸಿ ಎಂದೂ ಕೇಳಲಿ.

– ಸಾಫ್ಟ್‌ವೇರ್ ಬರೆಯುವ ಒಬ್ಬ ಓದುಗ, ಚನ್ನರಾಯಪಟ್ಟಣ