ಕುದುರೆಯ ಕತೆ ಬರೆಯುವ ತಂಗಿಗೆ

ತಂಗೆವ್ವಾ,

ಗದಗ ಸ್ಟೇಷನ್ನಿನಿಂದ ಬೆಟಗೇರಿಗೆ ಓಡುವ ಟಾಂಗಾದ ಮೇಲೆ ನೀನು ಬರೆದ ಕತೆ ಓದಿದೆ. ಕುದುರೆಯ ಮೇಲೆ ನಿನಗೆ ಎಷ್ಟು ಜೀವ ಅನ್ನುವುದು ಪುಟಪುಟಕ್ಕೂ ಕಾಣುತ್ತದೆ. ಕುದುರೆ ಮಾತ್ರ ಕಾಣಲಿಲ್ಲ. ಅದು ಕೆನೆಯುತ್ತದೆ, ಕಣ್ಣೀರು ಹಾಕುತ್ತದೆ, ಒಡೆಯನ ಹೆಗಲಿಗೆ ತಲೆ ಆನಿಸುತ್ತದೆ. ಮೇವು ತಿನ್ನುವುದಿಲ್ಲ, ಲದ್ದಿ ಹಾಕುವುದಿಲ್ಲ, ಕುಂಟುವುದಿಲ್ಲ. ಊರಿನದೂ ಅದೇ ಕತೆ. ತ್ರಿಕೂಟೇಶ್ವರ, ವೀರನಾರಾಯಣ ಗುಡಿ, ತೋಂಟದಾರ್ಯ ಮಠ, ಬೆಟಗೇರಿಯ ಮಗ್ಗ ಎಲ್ಲ ಹೆಸರೂ ಬಂದಿವೆ. ಅವನ್ನು ಅಳಿಸಿ ರಾಣೆಬೆನ್ನೂರಿನ ಹೆಸರುಗಳನ್ನು ಬರೆದರೂ ಕತೆಗೆ ಏನೂ ಆಗುವುದಿಲ್ಲ. ಎರಡಕ್ಕೂ ಮದ್ದು ಒಂದೇ ಇದೆ. ಆ ಕುದುರೆಗೆ ದಿನಕ್ಕೆ ಏನೇನು ಬೇಕು, ಯಾರ ಕೈಯಿಂದ ಬರುತ್ತದೆ, ರೊಕ್ಕ ಎಷ್ಟಾಗುತ್ತದೆ ಅನ್ನುವುದನ್ನು ಬರೆ. ಊರು ಅದರ ಹಿಂದೆಯೇ ಬರುತ್ತದೆ.

ಮೇವು-ನೀರಿನಿಂದ ಸುರು ಮಾಡು. ಟಾಂಗಾದ ಕುದುರೆ ದೊಡ್ಡದಲ್ಲ, 300ರಿಂದ 350 ಕಿಲೋ ತೂಗೀತು. ದಿನಕ್ಕೆ ಅದರ ತೂಕದ ನೂರಕ್ಕೆ 2ರಷ್ಟು ಒಣ ಮೇವು ಬೇಕು, ಅಂದರೆ 6–7 ಕಿಲೋ. ಅದರಲ್ಲಿ ಹುರಳಿ, ಕಡಲೆ, ಗೋದಿ ತೌಡು ಎಲ್ಲ ಸೇರಿ 2 ಕಿಲೋ, ಮೈಮುರಿ ದುಡಿದ ದಿನ 3, ಉಳಿದದ್ದು ಹುಲ್ಲು. ಕುಡಿಯಲು 25–30 ಲೀಟರ್ ನೀರು, ಏಪ್ರಿಲ್ ಬಿಸಿಲಿನಲ್ಲಿ ದುಡಿದರೆ 45. ನೀನು ‘ಕುದುರೆಗೆ ನೀರು ಕುಡಿಸಿದ’ ಎಂದು ಮೂರು ಪದದಲ್ಲಿ ಮುಗಿಸಿದ್ದೀ. 45 ಲೀಟರ್ ಅಂದರೆ ಮೂರು ದೊಡ್ಡ ಕೊಡ. ನಳಕ್ಕೆ ವಾರಕ್ಕೊಮ್ಮೆ ನೀರು ಬಿಡುವ ಓಣಿಯಲ್ಲಿ ಆ ಮೂರು ಕೊಡ ಹೊರುವವರು ಯಾರು? ಟಾಂಗಾದವನ ಹೆಂಡತಿ, ಇಲ್ಲವೆ ಸಾಲಿ ಬಿಟ್ಟ ಮಗಳು. ಪಾಳಿಯಲ್ಲಿ ನಿಂತ ನೆರೆಮನೆಯಾಕೆ ಸುಮ್ಮನಿರುತ್ತಾಳೆಯೆ? “ನಮ್ಮ ಮನ್ಯಾಗ ಕುಡ್ಯಾಕ ನೀರಿಲ್ಲ, ಇವ್ರ ಕುದುರಿಗೆ ಮೂರು ಕೊಡಾ ಬೇಕಂತ.” ಇಲ್ಲಿಂದ ನಿನ್ನ ಓಣಿ ಮಾತಾಡಲು ಸುರು ಮಾಡುತ್ತದೆ. ಹುರಳಿ ತುಟ್ಟಿಯಾದ ತಿಂಗಳು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಮನೆಯ ಅಕ್ಕಿ ಮೊದಲು ಕಡಿಮೆಯಾಗುತ್ತದೆಯೋ ಕುದುರೆಯ ಹುರಳಿಯೋ? ಅದನ್ನು ನೀನು ತೀರ್ಮಾನಿಸಿದ ದಿನ ಟಾಂಗಾದವನ ಸ್ವಭಾವ ನಿನಗೆ ಗೊತ್ತಾಗುತ್ತದೆ.

ಕುದುರೆ ಎತ್ತಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಮೈ ದೊಡ್ಡದಾದರೂ ಜಠರ ಸಣ್ಣದು. ಆದ್ದರಿಂದ ಕಾಳನ್ನು ನೆನೆಸಿಯೋ ಕುದಿಸಿಯೋ ಮೂರು ಹೊತ್ತಿಗೆ ಹಂಚಿ ಹಾಕಬೇಕು. ಹುಲ್ಲು ಹೊತ್ತುಗಟ್ಟಲೆ ಬಾಯಿಗೆ ಸಿಗುತ್ತಿರಬೇಕು. ನಿನ್ನ ಕತೆಯಲ್ಲಿ ಮುಂಜಾನೆ ಒಂದು ಪುಟ್ಟಿ ಕಾಳು ಸುರಿದು ಸಂಜೆಯ ತನಕ ಮರೆತಿದ್ದಾರೆ. ಹಾಗೆ ಮಾಡಿದರೆ ಹೊಟ್ಟೆ ಕೆಡುತ್ತದೆ, ಇಲ್ಲವೆ ಗೊರಸಿನ ಒಳಪದರ ಉರಿಯೂತಕ್ಕೆ ತುತ್ತಾಗುತ್ತದೆ. ಆಗ ಮುಂಗಾಲಿನ ಗೊರಸು ಮುಟ್ಟಿದರೆ ಬಿಸಿ. ಕುದುರೆ ಮುಂಗಾಲುಗಳನ್ನು ಮುಂದೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಕದಲದೆ ನಿಲ್ಲುತ್ತದೆ. ಅದನ್ನು ಮೊಂಡುತನ ಎಂದು ತಿಳಿದು ಚಾಟಿ ಎತ್ತುವವರೂ ಇದ್ದಾರೆ. ಎತ್ತಿಗೆ ಹಾಕುವ ಜೋಳದ ಕಣಿಕೆಯನ್ನೇ ಕುದುರೆಗೂ ಹಾಕಿಸಿದ್ದೀಯಲ್ಲ, ಅದನ್ನು ತೆಗೆಯಬೇಡ, ಕೆಲಸಕ್ಕೆ ಹಚ್ಚು. ಹುಲ್ಲು ಕೊಳ್ಳಲಾಗದೆ ಕಣಿಕೆ ಹಾಕಿದ ಮನೆ ಅದು. ಬಿರುಸು ಮೇವು, ಸಾಕಾಗದ ನೀರು ಎರಡೂ ಕೂಡಿದರೆ ಕರುಳು ಕಟ್ಟುತ್ತದೆ.

ಇದನ್ನು ಹೇಳಲು ಕಾರಣವಿದೆ. ನಿನ್ನ ಕುದುರೆ ಕೊನೆಗೆ ‘ಆಟೋಗಳನ್ನು ಕಂಡು ಕೊರಗಿ ಕೊರಗಿ’ ಸಾಯುತ್ತದೆ. ಆಟೋ ಕಂಡು ಕೊರಗುವವನು ಒಡೆಯ. ಕುದುರೆಯ ಸಾವಿಗೆ ಬೇರೆ ಕಾರಣ ಬೇಕು. ಹೊಟ್ಟೆಶೂಲೆಯಿಂದ ಸಾಯುವ ಕುದುರೆಗಳು ಬಹಳ. ಅದು ಹೇಗೆ ಬರುತ್ತದೆ ಅನ್ನುವುದನ್ನು ತಾಸುತಾಸಿಗೆ ತಿಳಿದುಕೋ. ಮೊದಲು ಮೇವು ಬಿಡುತ್ತದೆ. ಆಮೇಲೆ ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ. ಮೇಲ್ದುಟಿ ಸುರುಳಿ ಮಾಡುತ್ತದೆ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗಿ ಹೊರಳುತ್ತದೆ. ಲದ್ದಿ ನಿಂತಿರುತ್ತದೆ. ಪಕ್ಕೆಗೆ ಕಿವಿ ಹಚ್ಚಿದರೆ ಆರೋಗ್ಯದ ಕುದುರೆಯ ಹೊಟ್ಟೆಯಲ್ಲಿ ಗುಡುಗುಡು ಸದ್ದು ಇರುತ್ತದೆ, ಇದರಲ್ಲಿ ಇರುವುದಿಲ್ಲ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅದು 60 ದಾಟಿ 80ರ ಕಡೆ ಹೋದರೆ, ಒಸಡಿನ ಗುಲಾಬಿ ಬಣ್ಣ ಕೆಂಪಾಗಿ ನೀಲಿಗೆ ತಿರುಗಿದರೆ ಕರುಳು ತಿರುಚಿಕೊಂಡಿರಬಹುದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಸೇರಿದ್ದು ಹಿಂದಕ್ಕೆ ಬರುವ ದಾರಿಯೇ ಇಲ್ಲ. ಡಾಕ್ಟರು ಬಂದರೆ ನೋವಿನ ಇಂಜೆಕ್ಷನ್ ಕೊಡುತ್ತಾರೆ, ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸುತ್ತಾರೆ. ಅವರು ಬರುವ ತನಕ ಹೊರಳಾಡದಂತೆ ಮೆಲ್ಲಗೆ ನಡೆಸುತ್ತಾ ಇರುವುದೇ ಮನೆಯವರ ಕೆಲಸ. ಈ ರಾತ್ರಿಯನ್ನು ಬರೆ. ಓಣಿಯ ಉದ್ದಕ್ಕೂ ಲಗಾಮು ಹಿಡಿದು ನಡೆಯುವವನು ಯಾರು, ಯಾರ ಮನೆಯ ಕದ ತೆರೆಯಿತು, ಯಾರದು ತೆರೆಯಲಿಲ್ಲ? ನೀರಿಗಾಗಿ ಜಗಳವಾಡಿದ ಆ ನೆರೆಯಾಕೆ ಏನು ಮಾಡಿದಳು? ಬೆಳಗಾದ ಮೇಲೆ 300 ಕಿಲೋದ ದೇಹವನ್ನು ಓಣಿಯಿಂದ ಹೊರಗೆ ಒಯ್ಯಬೇಕು. ಟ್ರ್ಯಾಕ್ಟರ್ ಬೇಕು, ಆಳುದ್ದದ ತಗ್ಗು ಬೇಕು, ಯಾರದೋ ಜಾಗ ಬೇಕು. ದುಃಖ ಆ ಲೆಕ್ಕದಲ್ಲಿದೆ. ‘ಅವನ ಎದೆ ಒಡೆಯಿತು’ ಎಂಬ ಸಾಲು ಆಗ ಬೇಕಾಗುವುದಿಲ್ಲ.

ನಾಲ ಬಡಿಯುವ ಪ್ರಸಂಗದಲ್ಲಿ ದೊಡ್ಡ ತಪ್ಪಿದೆ. ಕುದುರೆಯನ್ನು ಕೆಡವಿ, ಕಾಲು ಕಟ್ಟಿ ನಾಲ ಬಡಿಸಿದ್ದೀ. ಅದು ಎತ್ತಿಗೆ ಮಾಡುವ ರೀತಿ. ಎತ್ತಿನದು ಸೀಳುಗೊರಸು, ಒಂದು ಕಾಲಿಗೆ ಎರಡು ತೆಳು ಪಟ್ಟಿ. ಕುದುರೆಯದು ಒಂದೇ ಗೊರಸು, ಒಂದೇ ಬಾಗಿದ ನಾಲ; ಅದನ್ನು ನಿಲ್ಲಿಸಿಯೇ ಬಡಿಯುತ್ತಾರೆ. ನಾಲಬಂದ ಮುಂಗಾಲನ್ನು ತನ್ನ ಎರಡೂ ಮೊಳಕಾಲ ನಡುವೆ ಹಿಡಿಯುತ್ತಾನೆ, ಹಿಂಗಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಮೊದಲು ಹಳೆಯ ಮೊಳೆಗಳ ಮಡಚಿದ ತುದಿ ಎಬ್ಬಿಸಿ, ಹಿಮ್ಮಡಿಯ ಕಡೆಯಿಂದ ಇಕ್ಕಳ ಹಾಕಿ ನಾಲ ಕೀಳುತ್ತಾನೆ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಆ ಬೆಳೆದ ಅಂಚನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡಬೇಕು. ಆಮೇಲೆ ನಾಲವನ್ನು ಗೊರಸಿನ ಅಳತೆಗೆ ಬಗ್ಗಿಸುತ್ತಾನೆ. ಗೊರಸನ್ನು ನಾಲಕ್ಕೆ ಹೊಂದಿಸುವವನು ಕೆಟ್ಟ ನಾಲಬಂದ. ಒಂದು ನಾಲಕ್ಕೆ ಆರರಿಂದ ಎಂಟು ಮೊಳೆ. ಮೊಳೆಯ ತುದಿಯನ್ನು ಒಂದು ಮಗ್ಗುಲಿಗೆ ಓರೆ ಮಾಡಿರುತ್ತಾರೆ. ಹೊಡೆದಂತೆ ಅದು ಹೊರಮುಖವಾಗಿ ಬಾಗಿ ಗೊರಸಿನ ಗೋಡೆಯಿಂದ ಮೇಲೆ ಬರಬೇಕು. ಬಂದ ತುದಿಯನ್ನು ತಿರುವಿ ಮುರಿದು, ಉಳಿದದ್ದನ್ನು ಮಡಚಿ, ಅರ ಹಾಕುತ್ತಾನೆ. ಗಟ್ಟಿ ಗೊರಸಿನಲ್ಲಿ ಮೊಳೆ ಇಳಿಯುವಾಗ ಸುತ್ತಿಗೆಯ ಸದ್ದು ಪೆಟ್ಟಿಗೊಂದು ಮೆಟ್ಟಿಲು ಏರುತ್ತದೆ. ಮೊಳೆ ಒಳಗಿನ ಮೆತ್ತನೆಯ ಜಾಗಕ್ಕೆ ಸರಿದರೆ ಸದ್ದು ಮಂದವಾಗುತ್ತದೆ. ಅನುಭವಿ ಅಲ್ಲೇ ಕೈ ನಿಲ್ಲಿಸಿ ಮೊಳೆ ಕೀಳುತ್ತಾನೆ. ಕೇಳಿಸಿಕೊಳ್ಳದವನು ಬಡಿದು ಕಳಿಸುತ್ತಾನೆ; ಒಂದೆರಡು ದಿನಕ್ಕೆ ಕುದುರೆ ಕುಂಟುತ್ತದೆ, ಗೊರಸು ಬಿಸಿಯಾಗುತ್ತದೆ, ಒಳಗೆ ಕೀವು ಕಟ್ಟುತ್ತದೆ. ಧನುರ್ವಾಯು ಬೇಗ ತಗಲುವ ಪ್ರಾಣಿಗಳಲ್ಲಿ ಕುದುರೆ ಮೊದಲನೆಯದು, ಹಾಗಾಗಿ ಒಂದು ತಪ್ಪು ಮೊಳೆ ಜೀವಕ್ಕೇ ಬರಬಹುದು. ನಿನ್ನ ಕತೆಯ ನಾಲಬಂದ ಮುದುಕ. ಅವನ ಕಿವಿ ಮಂದವಾಗಿದ್ದರೆ? ಅದನ್ನು ಊರಲ್ಲಿ ಟಾಂಗಾದವನೊಬ್ಬನೇ ಬಲ್ಲ, ಆದರೂ ಹಳೆಯ ಋಣಕ್ಕೆ ಅವನ ಬಳಿಯೇ ಹೋಗುತ್ತಾನೆ. ಇದಿಷ್ಟೇ ಬೇರೊಂದು ಕತೆಯಾದೀತು.

ಟಾಂಗಾದ ತೂಕದ ಸಂಗತಿಯನ್ನೂ ಬಿಟ್ಟಿದ್ದೀ. ಎರಡೇ ಗಾಲಿಯ ಬಂಡಿ ಅದು. ಹಿಂದೆ ಭಾರ ಹೆಚ್ಚಾದರೆ ಕುದುರೆಯ ಎರಡೂ ಮಗ್ಗುಲಿನ ಮರದ ದಂಡಗಳು ಮೇಲೆದ್ದು ಹೊಟ್ಟೆಯ ಪಟ್ಟಿ ಜಗ್ಗುತ್ತದೆ. ಮುಂದೆ ಹೆಚ್ಚಾದರೆ ಬೆನ್ನು ಕುಸಿಯುವಂತೆ ಒತ್ತುತ್ತದೆ, ಅಲ್ಲಿ ಹುಣ್ಣಾಗುತ್ತದೆ. ಅದಕ್ಕೇ ಟಾಂಗಾದವನು ಹೊರಡುವ ಮುನ್ನ ಮಂದಿಯನ್ನು ಹೊಂದಿಸಿ ಕೂಡಿಸುತ್ತಾನೆ. “ಅಕ್ಕಾರ, ಒಂದೀಟು ಮುಂದ ಸರೀರಿ. ಸಾವಕಾರ್ರು ಹಿಂದ ಕೂಡ್ರಲಿ.” ಯಾರನ್ನು ಸರಿಸುವ ಧೈರ್ಯ ಅವನಿಗಿದೆ, ಯಾರನ್ನು ಕೇಳಲೂ ಅಂಜುತ್ತಾನೆ, ಸೀರೆ ಗಂಟು ಹೊತ್ತ ಬೆಟಗೇರಿಯ ನೇಕಾರನನ್ನು ಎಲ್ಲಿ ಕೂಡಿಸುತ್ತಾನೆ? ನೀನು ಎರಡು ಪುಟ ವಿವರಿಸಿದ ಊರಿನ ಮೇಲುಕೀಳು ಈ ಕೂಡಿಸುವಿಕೆಯಲ್ಲೇ ಮುಗಿಯುತ್ತದೆ. ಅವನು ತೂಕಕ್ಕೆ ಹೆದರದೆ ಸಾವಕಾರನಿಗೆ ಹೆದರಿದರೆ ಪೆಟ್ಟು ತಿನ್ನುವುದು ಕುದುರೆಯ ಬೆನ್ನು.

ಓಟದ ಬಗ್ಗೆ ಸ್ವಲ್ಪ. ಟಾಂಗಾದ ಕುದುರೆ ನಾಗಾಲೋಟ ಓಡುವುದಿಲ್ಲ. ಒಂದು ಮುಂಗಾಲು, ಅದಕ್ಕೆ ಅಡ್ಡದ ಹಿಂಗಾಲು ಕೂಡಿ ಬೀಳುವ ಎರಡು ತಾಳದ ಓಟ ಅದರದು. ಗಂಟೆಗೆ 12 ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್, ನಡುವೆ ದಣಿವಾರಿಸಿಕೊಂಡರೆ ಎರಡು ತಾಸು. ನಡಿಗೆಗೆ ನಾಲ್ಕು ತಾಳ. ಅರ್ಧ ನೆಗೆತದ ಓಟಕ್ಕೆ ಮೂರು. ಮುಂದೆ ಸವಣೂರು ನವಾಬರ ಕಾಲದ ಕಾದಂಬರಿ ಬರೆಯುವ ಆಸೆ ಇದೆ ಎಂದಿದ್ದೀಯಲ್ಲ, ಅಲ್ಲಿಯೂ ಸವಾರನನ್ನು ರಾತ್ರಿಯೆಲ್ಲ ನಾಗಾಲೋಟದಲ್ಲಿ ಓಡಿಸಬೇಡ. ಪೂರ್ತಿ ವೇಗವನ್ನು ಕುದುರೆ ಎರಡು-ಮೂರು ಕಿಲೋಮೀಟರಿನ ಆಚೆ ತಾಳುವುದಿಲ್ಲ. ದೂರದ ಸವಾರ ಓಟ, ನಡಿಗೆ ಬೆರೆಸಿ ಹೋಗುತ್ತಾನೆ, ಇಳಿದು ಜೊತೆಗೆ ನಡೆಯುತ್ತಾನೆ, ಜೀನಿನ ಹೊಟ್ಟೆಪಟ್ಟಿ ಸಡಿಲಿಸುತ್ತಾನೆ. ಆ ಕಾಲದ ನಮ್ಮ ಕಡೆಯ ದಂಡಿನಲ್ಲಿ ಭೀಮಾ ತೀರದ ಗಿಡ್ಡ, ಗಟ್ಟಿ ಕುದುರೆಗಳು ಹೆಚ್ಚು. ಅರಬ್ಬಿ ಕುದುರೆ ಬೇಕಾದರೆ ಒಡೆಯನ ಕೈಯಲ್ಲಿ ಅಷ್ಟು ಹಣ ಇರಬೇಕು. ಹಾವೇರಿ, ಹಾನಗಲ್ಲಿನ ವೀರಗಲ್ಲುಗಳ ಮುಂದೆ ಅರ್ಧ ದಿನ ಕೂತು ಸವಾರ ಕಾಲು ಎಲ್ಲಿ ಇಟ್ಟಿದ್ದಾನೆ, ಲಗಾಮು ಯಾವ ಕೈಯಲ್ಲಿದೆ ನೋಡು. ಬಿಳಿ ಕುದುರೆಯ ಮರಿಯನ್ನು ‘ಹಾಲಿನಂತೆ ಬೆಳ್ಳಗೆ ಹುಟ್ಟಿತು’ ಎಂದು ಬರೆಯಬೇಡ. ಹೆಚ್ಚಿನ ಬಿಳಿ ಕುದುರೆಗಳು ಕಪ್ಪೋ ಕಂದೋ ಆಗಿ ಹುಟ್ಟಿ, ವರ್ಷ ಕಳೆದಂತೆ ಬೂದಿಯಾಗಿ ಬೆಳ್ಳಗಾಗುತ್ತವೆ. ಹನ್ನೊಂದು ತಿಂಗಳು ಬಸಿರು. ಹಲ್ಲು ನೋಡಿ ವಯಸ್ಸು ಹೇಳುವ ದಲಾಲಿ ಐದು ವರ್ಷದ ತನಕ ಹೆಚ್ಚು ತಪ್ಪುವುದಿಲ್ಲ, ಆಮೇಲಿನದು ಅಂದಾಜು. ಮೋಸ ಅಲ್ಲಿಯೇ ನಡೆಯುತ್ತದೆ.

ಟಾಂಗಾ ನಿಂತ ಮೇಲೆ ಕುದುರೆಗೆ ಉಳಿಯುವುದು ಮದುವೆ ಮೆರವಣಿಗೆ. ಅಲ್ಲಿ ಕಿವಿಗಳನ್ನು ಬರೆ. ಬ್ಯಾಂಡ್ ಒಂದು ಕಡೆ, ಜನರೇಟರ್ ಇನ್ನೊಂದು ಕಡೆ ಇದ್ದರೆ ಎರಡು ಕಿವಿ ಎರಡು ದಿಕ್ಕಿಗೆ ತಿರುಗಿರುತ್ತವೆ. ಹಿಂದಕ್ಕೆ ತಲೆಗೆ ಅಂಟಿದರೆ ಸಿಟ್ಟು, ಕಚ್ಚುವ ಮುನ್ಸೂಚನೆ. ಕುದುರೆಗೆ ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಕಾಣುವುದಿಲ್ಲ. ಪಟಾಕಿ ಹಿಂದಿನಿಂದ ಸಿಡಿದರೆ ಒದೆಯುತ್ತದೆ. ಬೆನ್ನ ಮೇಲಿನ ಭಾರ ತನ್ನ ತೂಕದ ಐದರಲ್ಲೊಂದು ಪಾಲು ಮೀರಬಾರದು. 80 ಕಿಲೋದ ಮದುಮಗ, ಮುಂದೊಂದು ಕೂಸು, ಜರಿಯ ಜೀನು! ನಿನ್ನ ಕುದುರೆ 320 ಕಿಲೋದ್ದು. ಮೆರವಣಿಗೆ ಮುಗಿದ ಮೇಲೆ ಪ್ರೀತಿಯಿಂದ ಬೂಂದಿ ತಂದು ತಿನ್ನಿಸುವ ಹೆಣ್ಣುಮಕ್ಕಳನ್ನು ಮರೆಯಬೇಡ. ಹೊಟ್ಟೆಶೂಲೆಯ ರಾತ್ರಿಗೆ ಅಲ್ಲಿಂದ ದಾರಿ ಇದೆ, ಮತ್ತು ಅದರಲ್ಲಿ ಯಾರೂ ಕೆಟ್ಟವರಲ್ಲ.

ಕಾಲವನ್ನು ನಿಖರ ಮಾಡು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅದಕ್ಕೂ ಮೊದಲಿನ ಕತೆಯಾದರೆ ನಿನ್ನ ಟಾಂಗಾದವನು ಲೈಸೆನ್ಸಿನ ದೊಡ್ಡ ತಂಟೆಗೆ ಧಾರವಾಡದ ಜಿಲ್ಲಾ ಕಚೇರಿಯ ಹೆಸರು ಹೇಳುತ್ತಾನೆ. ನೆಲವನ್ನೂ ನೋಡು: ಗದಗಿನ ಸುತ್ತ ಎರೆಭೂಮಿ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ ಮೆತ್ತಿ ತಿರುಗದಂತೆ ಮಾಡುತ್ತದೆ, ಸಡಿಲಾದ ನಾಲವನ್ನು ಕಿತ್ತುಕೊಳ್ಳುತ್ತದೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅಂದರೆ ಕೆಂಪು ಮಣ್ಣು; ಅಲ್ಲಿ ಬೇರೆ ಕಷ್ಟ, ಕಲ್ಲು.

ಮಾತುಗಳಲ್ಲಿ ‘ಹೋಗ್ತೀನಿ’ಗಳನ್ನೆಲ್ಲ ತೆಗೆದುಹಾಕು, ಬೆಟಗೇರಿಯವನು ‘ಹೊಕ್ಕೇನಿ’ ಅನ್ನುತ್ತಾನೆ. ನಿರೂಪಣೆ ಮಾತ್ರ ನಿನ್ನ ಬರಹದ ಕನ್ನಡದಲ್ಲೇ ಇರಲಿ, ಎರಡನ್ನೂ ಕಲಸಬೇಡ.

ಈಗ ಮಾಡಬೇಕಾದ ಕೆಲಸ. ಈ ಕರಡನ್ನು ಮುಚ್ಚಿಡು. ಕುದುರೆ ಸಾಕಿದ ಒಂದು ಮನೆಗೆ ನಸುಕಿನ ಐದಕ್ಕೆ ಹೋಗು, ರಾತ್ರಿ ಮೇವು ಹಾಕುವ ತನಕ ಇರು. ಪ್ರಶ್ನೆ ಕೇಳುವುದಕ್ಕಿಂತ ಲದ್ದಿ ಬಳಿ, ನೀರು ಹೊರು, ಮೈ ಉಜ್ಜಲು ಕೈ ಹಚ್ಚು. ಹತ್ತಿರ ಹೋಗುವಾಗ ಎಡಮಗ್ಗುಲಿನಿಂದ, ಮಾತಾಡಿಸುತ್ತಾ ಹೋಗು. ಅಲ್ಲಿ ಬರೆದುಕೊಳ್ಳಬೇಡ, ಮನೆಗೆ ಬಂದು ಅದೇ ರಾತ್ರಿ ಬರೆ. ಆಮೇಲೆ ಕುದುರೆಯ ಒಂದು ದಿನವನ್ನಷ್ಟೇ, ಮನುಷ್ಯರ ಮನಸ್ಸಿನೊಳಗೆ ಇಳಿಯದೆ, ಎಂಟು ಪುಟ ಬರೆ. ಅದರಲ್ಲಿ ಕುದುರೆಯ ಸಲುವಾಗಿ ಬಂದ ಪ್ರತಿ ವ್ಯಕ್ತಿಯ ಕೆಳಗೂ ಗೆರೆ ಎಳೆ: ಹುಲ್ಲಿನವಳು, ಕಿರಾಣಿಯವನು, ನಾಲಬಂದ, ಪಟ್ಟಿ ಹೊಲಿಯುವವನು, ಡಾಕ್ಟರು, ನೆರೆಯಾಕೆ. ಇವರಲ್ಲಿ ಇಬ್ಬರಿಗೆ ಟಾಂಗಾದವನು ಬಾಕಿ ಇರಲಿ, ಒಬ್ಬರು ಅವನಿಗೆ ಬಾಕಿ ಇರಲಿ. ಹಳೆಯ ಕರಡಿನಿಂದ ಪ್ರೀತಿ, ಮಮತೆ, ಮೂಕಪ್ರಾಣಿ ಎಂಬ ಪದ ಇರುವ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಇದರೊಂದಿಗೆ ಕೂಡಿಸು. ಕೆನೆತ ಕತೆಗೆ ಒಂದೇ ಸಲ ಸಾಕು, ಅದೂ ಮೇವಿನ ಹೊತ್ತು ಮೀರಿದಾಗ.

ಶ್ರಾವಣದ ಹೊತ್ತಿಗೆ ಎರಡನೆಯ ಕರಡು ಕಳಿಸು. ಸಾಲಿನ ನಡುವೆ ಜಾಗ ಬಿಟ್ಟು ಬರೆ, ನಾನು ಗುರುತು ಹಾಕಲು ಬೇಕು. ನಾಲಬಂದನ ಪ್ರಸಂಗವನ್ನು ಮಾತ್ರ ಮೊದಲೇ ಬೇರೆಯಾಗಿ ಕಳಿಸು.

ನಿನ್ನ ಹಿತ ಬಯಸುವ,
ಧಾರವಾಡದ ಅಕ್ಕ