ಮಗಳಿಗೊಂದು ಪತ್ರ: ಪೀಪಿ ಊದಿದರೆ ಹೊಟ್ಟೆ ತುಂಬುತ್ತಾ?

ಪ್ರೀತಿಯ ಪುಟ್ಟಿ,

ರೆಕಾರ್ಡರ್, ಅಂದರೆ ನೇರಕ್ಕೆ ಹಿಡಿದು ಊದುವ ಆ ಪಾಶ್ಚಾತ್ಯ ಕೊಳಲು ನುಡಿಸಿಕೊಂಡು, ಅದಕ್ಕೆ ಸಂಗೀತ ಬರೆದುಕೊಂಡು ಬದುಕೋಕೆ ಆಗುತ್ತಾ ಅಂತ ಕೇಳಿದ್ದೆ ಅಲ್ವಾ? ಫೋನಿನಲ್ಲಿ ಹೇಳಲು ಹೋದರೆ ನಿನ್ನ ಅಪ್ಪ ನಡುವೆ ಬಾಯಿ ಹಾಕುತ್ತಾರೆ, ಮಾತು ಕೊನೆಗೆ ಬ್ಯಾಂಕ್ ಪರೀಕ್ಷೆಗೆ ಬಂದು ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ದೊಡ್ಡತ್ತೆಯ ಲೆಕ್ಕದಲ್ಲಿ ಅದು ಸ್ಕೂಲ್ ಮಕ್ಕಳು ಊದುವ ಪೀಪಿ. ಅವರನ್ನು ಬೈದು ಪ್ರಯೋಜನ ಇಲ್ಲ. ಎರಡನೇ ಮಹಾಯುದ್ಧದ ನಂತರ ಅಗ್ಗದ ಪ್ಲಾಸ್ಟಿಕ್ ರೆಕಾರ್ಡರುಗಳು ಶಾಲೆಗಳನ್ನು ತುಂಬಿಕೊಂಡವು. ಆಮೇಲೆ ಯುರೋಪಿನಲ್ಲೂ ಎಷ್ಟೋ ಜನ ಅದನ್ನು ಆಟದ ಸಾಮಾನು ಅಂತಲೇ ನೋಡುತ್ತಾರೆ.

ನಿನಗೆ ನಾನು ಹೇಳಬೇಕು ಅಂದುಕೊಂಡಿರುವುದು ರೆಕಾರ್ಡರ್ ವಾದಕ ಹಾನ್ಸ್-ಮಾರ್ಟಿನ್ ಲಿಂಡೆ ಅವರ ಕಥೆ. 1930ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಫ್ರೈಬುರ್ಗ್‌ನಲ್ಲಿ ಗುಸ್ಟಾವ್ ಶೆಕ್ ಅವರ ಹತ್ತಿರ ಕಲಿತರು. 1957ರಿಂದ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಪಾಠ ಹೇಳಿದರು. ನೀನು ಅರ್ಜಿ ಹಾಕಬೇಕು ಅಂತಿರುವ ಹಳೆಯ ಸಂಗೀತದ ಶಾಲೆ ಸ್ಕೋಲಾ ಕಾಂಟೋರಮ್ ಇರುವುದೂ ಅದೇ ಊರಲ್ಲೇ. ಪಾಠದ ಜೊತೆಗೆ ಊರೂರಿಗೆ ಹೋಗಿ ಕಛೇರಿ ಮಾಡಿದರು, ರೆಕಾರ್ಡರ್ ಒಂದನ್ನೇ ನೆಚ್ಚಿಕೊಳ್ಳದೆ ಅಡ್ಡ ಕೊಳಲನ್ನೂ ನುಡಿಸಿದರು, ಹಾಡುವ ತಂಡಗಳನ್ನು ನಡೆಸಿದರು, ರೆಕಾರ್ಡರ್ ಕಲಿಯುವವರಿಗೆ ಕೈಪಿಡಿ ಬರೆದರು. ಇದೆಲ್ಲದರ ಮಧ್ಯೆ ಸಂಗೀತವನ್ನೂ ರಚಿಸಿದರು. ಒಂದು ಆಫೀಸು, ಒಂದು ಸಂಬಳ ಅನ್ನುವ ನಮ್ಮ ಮನೆಯ ಲೆಕ್ಕಕ್ಕೆ ಇದು ಸಿಗುವುದಿಲ್ಲ.

ಲಿಂಡೆ ತಾವೇ ಸಂಗೀತ ಯಾಕೆ ಬರೆಯಬೇಕಾಯಿತು ಅನ್ನುವುದೇ ಮುಖ್ಯ. ಈ ವಾದ್ಯಕ್ಕೆ ನಡುವೆ ನೂರಕ್ಕೂ ಹೆಚ್ಚು ವರ್ಷ ಹೊಸ ಸಂಗೀತ ಹೆಚ್ಚುಕಡಿಮೆ ಖಾಲಿ. ಮೊದಲು ಎಂಥ ಮರ್ಯಾದೆ ಇತ್ತು ನೋಡು. 17ನೇ ಶತಮಾನದಲ್ಲಿ ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಯಾಕೋಬ್ ಫಾನ್ ಐಕ್ ಅಂತ ಒಬ್ಬ ಕುರುಡ ಸಂಗೀತಗಾರ ಇದ್ದ. ಚರ್ಚಿನ ಗಂಟೆಗಳನ್ನು ನುಡಿಸುವುದು ಅವನ ಕೆಲಸ. ಸಂಜೆ ಚರ್ಚಿನ ಅಂಗಳದಲ್ಲಿ ಅಡ್ಡಾಡುವವರಿಗೆ ಆಗಾಗ ತನ್ನ ಪುಟ್ಟ ಕೊಳಲು, ಅಂದರೆ ಇದೇ ರೆಕಾರ್ಡರ್, ಕೇಳಿಸಬೇಕು ಅಂತ ಹೇಳಿ 1649ರಲ್ಲಿ ಅವನ ಸಂಬಳ ಹೆಚ್ಚಿಸಿದರು! ಈ ಸಾಲನ್ನು ನಿನ್ನ ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಜರ್ಮನಿಯ ದೊಡ್ಡ ರಚನಕಾರ ಬಾಖ್ ಕೂಡ ತನ್ನ ಬ್ರಾಂಡನ್‌ಬುರ್ಗ್ ಕನ್ಸರ್ಟೋಗಳಲ್ಲಿ (ಕೆಲವು ವಾದ್ಯಗಳು ಮುಂದೆ ನಿಂತು ವಾದ್ಯವೃಂದದ ಜೊತೆ ನುಡಿಸುವ ಕೃತಿಗಳು) ಎರಡಕ್ಕೆ ರೆಕಾರ್ಡರ್ ಸೇರಿಸಿದ. ಆಮೇಲೆ ಸಭಾಂಗಣ ದೊಡ್ಡದಾಯಿತು, ಆರ್ಕೆಸ್ಟ್ರಾ ದೊಡ್ಡದಾಯಿತು, ರೆಕಾರ್ಡರಿನ ಸಣ್ಣ ದನಿ ಅದರಲ್ಲಿ ಮುಳುಗಿಹೋಯಿತು. ಆಮೇಲೆ ಬಂದ ದೊಡ್ಡ ರಚನಕಾರರದ್ದು ಇದಕ್ಕೆ ಏನೂ ಇಲ್ಲ: ಬೇಟೋವನ್ ಇಲ್ಲ, ಬ್ರಾಮ್ಸ್ ಇಲ್ಲ. ಪಿಟೀಲು ಕಲಿತವರಿಗೆ ಸಿಗುವ ಆಸ್ತಿಯಲ್ಲಿ ಅರ್ಧಕ್ಕರ್ಧ ನಿನಗೆ ಸಿಗುವುದೇ ಇಲ್ಲ.

ದನಿ ಜಾಸ್ತಿ ಮಾಡೋಕೆ ಯಾಕಾಗಲ್ಲ ಅಂತ ನಿನಗೇ ಗೊತ್ತು. ನಮ್ಮ ಕೊಳಲಿನಲ್ಲಿ ತುಟಿಯನ್ನು ಸ್ವಲ್ಪ ತಿರುಗಿಸಿ ಶ್ರುತಿ ಸರಿ ಮಾಡಿಕೊಳ್ಳಬಹುದು. ರೆಕಾರ್ಡರಿನಲ್ಲಿ ಗಾಳಿ ಹೋಗುವ ದಾರಿಯನ್ನು ಬಾಯಿಯ ಹತ್ತಿರದ ಮರದ ತುಂಡೇ ಕಟ್ಟಿಹಾಕಿದೆ. ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ತೂತನ್ನು ಕೂದಲೆಳೆಯಷ್ಟು ತೆರೆದೋ ಮುಚ್ಚಿಯೋ ಬೆರಳಲ್ಲೇ ಸರಿದೂಗಿಸಬೇಕು. ಹಿಂದಿನ ಹೆಬ್ಬೆರಳಿನ ತೂತನ್ನು ಉಗುರಿನ ತುದಿಯಲ್ಲಿ ಒತ್ತುತ್ತಾ ನೀನು ಗೊಣಗುತ್ತಿದ್ದದ್ದು ನನ್ನ ಕಿವಿಯಲ್ಲೇ ಇದೆ. ನುಡಿಸುವ ಮೊದಲು ನೀನು ರೆಕಾರ್ಡರಿನ ತಲೆಯ ಭಾಗವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದೆ. ಅದನ್ನು ನೋಡಿ ಅಜ್ಜಿ, ಜ್ವರ ನೋಡಿಕೊಳ್ಳುತ್ತಿದ್ದೀಯಾ ಅಂತ ನಿನ್ನನ್ನು ಕೇಳಿದ್ದರು.

ಲಿಂಡೆ ಈ ಐಬುಗಳನ್ನು ಮುಚ್ಚಿಡಲು ಹೋಗಲಿಲ್ಲ. 1968ರಲ್ಲಿ ಆಲ್ಟೋ ರೆಕಾರ್ಡರ್ (ಶಾಲೆಯದ್ದಕ್ಕಿಂತ ಸ್ವಲ್ಪ ದೊಡ್ಡದು) ಒಂದಕ್ಕೇ ‘ಮ್ಯೂಸಿಕ್ ಫಾರ್ ಎ ಬರ್ಡ್’ ಅಂತ ಬರೆದರು. ಅದರಲ್ಲಿ ಸ್ವರ ಜಾರುತ್ತದೆ. ನಾಲಿಗೆ ಗಡಗಡ ಅನ್ನುತ್ತದೆ. ವಿಚಿತ್ರವಾಗಿ ಬೆರಳಿಟ್ಟು ಒಂದೇ ಉಸಿರಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಹೊರಡಿಸಬೇಕು. ಮೊದಲ ಸಲ ನೀನು ಅದನ್ನು ನನಗೆ ಹಾಕಿ ಕೇಳಿಸಿದಾಗ ಸ್ಪೀಕರ್ ಕೆಟ್ಟಿದೆ ಅಂದುಕೊಂಡಿದ್ದೆ. ಈಗಲೂ ಅದು ನನಗೆ ಪೂರ್ತಿ ಇಷ್ಟ ಅಂತ ಸುಳ್ಳು ಹೇಳಲ್ಲ. ಆದರೆ ಅದನ್ನು ಪಿಟೀಲಿನಲ್ಲಿ ನುಡಿಸೋಕಾಗಲ್ಲ, ಪಿಯಾನೋದಲ್ಲಂತೂ ಸಾಧ್ಯವೇ ಇಲ್ಲ. ವಾದ್ಯ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ತಿಣುಕಿದವರಿಗೆ ಮಾತ್ರ ಹೊಳೆಯುವಂಥದ್ದು. ನುಡಿಸುವವರು, ಬರೆಯುವವರು ಒಬ್ಬರೇ ಆದರೆ ಆಗುವ ಲಾಭ ಅದೇ ಅಂತ ನನಗನಿಸುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಆಮ್‌ಸ್ಟರ್‌ಡಾಮಿನ ರೆಕಾರ್ಡರ್ ವಾದಕ ಫ್ರಾನ್ಸ್ ಬ್ರ್ಯೂಗನ್ ತಾವು ಬರೆಯುವ ಬದಲು ಬರೆಯುವವರನ್ನು ವಾದ್ಯದ ಕಡೆಗೆ ಎಳೆದರು. ಇಟಲಿಯ ರಚನಕಾರ ಲೂಚಾನೋ ಬೆರಿಯೋ 1966ರಲ್ಲಿ ಅವರಿಗಾಗಿ ‘ಜೆಸ್ತಿ’ ಬರೆದರು. ಅದರಲ್ಲಿ ಬೆರಳಿಗೆ ಒಂದು ಕೆಲಸ, ಬಾಯಿಗೆ ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ 1981ರಲ್ಲಿ ಅದೇ ಬ್ರ್ಯೂಗನ್ ಹಳೆಯ ವಾದ್ಯಗಳದ್ದೇ ಒಂದು ಆರ್ಕೆಸ್ಟ್ರಾ ಕಟ್ಟಿ, ಅದನ್ನು ನಡೆಸುವುದರಲ್ಲೇ ಹೆಚ್ಚಾಗಿ ಮುಳುಗಿದರು. ರೆಕಾರ್ಡರ್ ಲೋಕದ ರಾಜನಿಗೇ ಆ ಲೋಕ ಸಾಲಲಿಲ್ಲವೋ ಏನೋ. ಇದನ್ನೂ ನೀನು ಯೋಚಿಸಬೇಕು.

ಡೆನ್ಮಾರ್ಕಿನ ರೆಕಾರ್ಡರ್ ವಾದಕಿ ಮಿಕಾಲ ಪೇತ್ರಿ ಇನ್ನೂ ಗಟ್ಟಿ. 1958ರಲ್ಲಿ ಹುಟ್ಟಿದವರು, ಮೂರನೇ ವಯಸ್ಸಿಗೇ ಕೈಗೆ ರೆಕಾರ್ಡರ್. ಹೊಸ ಕೃತಿ ಬೇಕು ಅಂತ ಸಂಗೀತಗಾರರನ್ನು ಬಿಡದೆ ಕೇಳಿ ಬರೆಸಿಕೊಂಡರು. ಅವರಿಗಾಗಿ ಹುಟ್ಟಿದ ಕೃತಿಗಳು 150ಕ್ಕೂ ಹೆಚ್ಚು. ಇಂಗ್ಲೆಂಡಿನ ರಚನಕಾರ ಮಾಲ್ಕಮ್ ಅರ್ನಾಲ್ಡ್ ಅವರ ಕನ್ಸರ್ಟೋ ಅದರಲ್ಲೊಂದು. 2006ರಲ್ಲಿ ಗಿಟಾರ್ ವಾದಕ ಲಾರ್ಸ್ ಹಾನಿಬಾಲ್ ಜೊತೆ ತಮ್ಮದೇ ರೆಕಾರ್ಡಿಂಗ್ ಕಂಪನಿ ತೆರೆದರು. ಇನ್ನೊಬ್ಬರು ಆಲ್ಬಮ್ ತರಲಿ ಅಂತ ಕಾಯುತ್ತ ಕೂರಲಿಲ್ಲ.

ಈಗ ದುಡ್ಡಿನ ಮಾತು. ಮಾಮೂಲಿ ಸಿಂಫನಿ ಆರ್ಕೆಸ್ಟ್ರಾದಲ್ಲಿ ರೆಕಾರ್ಡರಿಗೆ ಕಾಯಂ ಕುರ್ಚಿ ಇರುವುದಿಲ್ಲ. ಪಿಟೀಲಿನವರಿಗೆ ಇರುವ ಸಂಬಳದ ಹುದ್ದೆ ನಿನಗೆ ಸಿಗಲ್ಲ ಅಂತಲೇ ಅಂದುಕೊ. ಪಾಠವೇ ಊಟ ಹಾಕುತ್ತದೆ. ಕಛೇರಿ, ಹೊಸ ರಚನೆ ಎಲ್ಲ ಅದರ ಮೇಲೆ. ಲಿಂಡೆಯಂಥವರೂ ದಶಕಗಟ್ಟಲೆ ಪಾಠ ಮಾಡಿದರು ಅಂದಮೇಲೆ ಅದರಲ್ಲಿ ನಾಚಿಕೆ ಏನಿದೆ? ನೀನು ಪಕ್ಕದ ಬೀದಿಯ ಮಕ್ಕಳಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತದ ಗ್ರೇಡ್ ಪರೀಕ್ಷೆಗೆ ಹೇಳಿಕೊಡುವಾಗ ಮುಖ ಸಿಂಡರಿಸುತ್ತೀಯಲ್ಲ, ಅದು ಬೇಡ ಕಣೇ.

ಡಿಗ್ರಿ ಮುಗಿಸು. ಜರ್ಮನ್ ಕ್ಲಾಸಿಗೆ ಈಗಲೇ ಸೇರು, ಬಾಸೆಲ್‌ನಲ್ಲಿ ಅಂಗಡಿಯಿಂದ ಹಿಡಿದು ಆಫೀಸಿನವರೆಗೂ ಅದು ಬೇಕು. ಹಳಬರದ್ದನ್ನೇ ಅಭ್ಯಾಸ ಮಾಡುತ್ತ ಕೂರದೆ ಸ್ವಂತದ್ದೊಂದು ಬರೆದು ನೋಡು. ಚಿಕ್ಕದಾದರೂ ಸರಿ, ಕೇಳೋಕೆ ಕರ್ಕಶ ಆದರೂ ಸರಿ. ಮರದ ಆಲ್ಟೋ ಬೇಕು ಅಂತಿದ್ದೆಯಲ್ಲ, ಎರಡು ಮೂರು ಕಡೆ ಬೆಲೆ ವಿಚಾರಿಸಿ, ಕಸ್ಟಮ್ಸ್ ಎಷ್ಟು ಬೀಳುತ್ತದೆ ಅನ್ನುವುದನ್ನೂ ಸೇರಿಸಿ ನನಗೆ ಬರೆ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ನಿನ್ನ
ಅಮ್ಮ