ಭಾನುವಾರದ ಓದುಕೂಟ: ಮಾಯಾ ಜನರ ಬೇಸಾಯ ಮತ್ತು ಒಳ್ಳೆಯ ಬದುಕು

ಬಳಗದ ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 5 ಗಂಟೆಗೆ ನಮ್ಮ ಓದುಕೂಟ ಆನ್‌ಲೈನ್‌ನಲ್ಲಿ ನಡೆಯಲಿದ್ದು, ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಮೂಲನಿವಾಸಿ ಮಾಯಾ ಸಮುದಾಯಗಳು ಬೇಸಾಯವನ್ನೇ ಊರಿನ ಏಳಿಗೆಗೆ ಆಧಾರವಾಗಿಸಿಕೊಂಡ ಬಗೆಯನ್ನು ಚರ್ಚಿಸಲಿದ್ದೇವೆ. ಕಳೆದ ಬಾರಿ ವಿಷಯ ತಡವಾಗಿ ತಿಳಿಯಿತೆಂಬ ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಅವರ 'ಮಿಲ್ಪಾ' ಹೊಲದಲ್ಲಿ ಮೆಕ್ಕೆಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಕುಂಬಳದ ಅಗಲ ಎಲೆಗಳು ನೆಲದ ತೇವವನ್ನು ಕಾಯುತ್ತವೆ. ಕೊಯ್ದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುವುದರಿಂದ ಅದರೊಳಗಿನ ನಿಯಾಸಿನ್ (ಬಿ3 ವಿಟಮಿನ್) ಮೈಗೆ ದಕ್ಕುತ್ತದೆ. 1970ರ ದಶಕದಲ್ಲಿ ಚಿಮಾಲ್ಟೆನಾಂಗೊ ಪ್ರಾಂತ್ಯದ ಕಾಕ್ಚಿಕೆಲ್ ಎಂಬ ಮಾಯಾ ಪಂಗಡದ ರೈತರು ಮಣ್ಣು, ನೀರು ಉಳಿಸುವ ವಿಧಾನಗಳನ್ನು ಒಬ್ಬರಿಗೊಬ್ಬರು ಕಲಿಸಿಕೊಂಡ ರೀತಿಯೇ ಮುಂದೆ 'ರೈತರಿಂದ ರೈತರಿಗೆ' ಚಳವಳಿಯಾಗಿ ಮೆಕ್ಸಿಕೊ, ನಿಕರಾಗುವಾ, ಕ್ಯೂಬಾಗಳಿಗೆ ಹರಡಿತು. ಮಾಯಾ ಭಾಷೆಗಳಲ್ಲೊಂದಾದ ಕಿಚೆಯ 'ಉಟ್ಸ್ ಕಾಸ್ಲೆಮಾಲ್', ಅಂದರೆ ಒಳ್ಳೆಯ ಬದುಕು, ಎಂಬ ಮಾತಿನಲ್ಲಿ ನೆಲ, ನೀರು, ನೆರೆಹೊರೆ, ಹಿರಿಯರು ಎಲ್ಲವೂ ಸೇರುತ್ತವೆ. ಬರೀ ಆದಾಯದ ಲೆಕ್ಕಕ್ಕಿಂತ ಇದು ಕಠಿಣವಾದ ಅಳತೆಗೋಲು ಎಂದು ನನಗನಿಸುತ್ತದೆ.

ಗ್ವಾಟೆಮಾಲಾದಲ್ಲಿ 2014ರಲ್ಲಿ ಜಾರಿಗೆ ಬರಬೇಕಿದ್ದ, ಹೊಸ ತಳಿಗಳ ಮೇಲೆ ಅವುಗಳನ್ನು ರೂಪಿಸಿದವರಿಗೆ ಹಕ್ಕು ಕೊಡುವ ಬೀಜ ಕಾನೂನು ಜನರ ಪ್ರತಿಭಟನೆಯಿಂದ ಅದೇ ವರ್ಷದ ಸೆಪ್ಟೆಂಬರಿನಲ್ಲಿ ರದ್ದಾದ ಸಂಗತಿಗೆ ಕೊನೆಯ 20 ನಿಮಿಷ ಮೀಸಲು.

ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಗಳ ಸಾಲು) ಹಾಕುವ ಸದಸ್ಯರು ತಮ್ಮ ಹೊಲದ ಒಂದೆರಡು ಫೋಟೋಗಳನ್ನು ಶನಿವಾರದೊಳಗೆ ಇಲ್ಲಿಗೆ ಹಾಕಿದರೆ ಮಿಲ್ಪಾದೊಡನೆ ಹೋಲಿಸಲು ಅನುಕೂಲವಾಗುತ್ತದೆ. ಬರುವವರು ಶುಕ್ರವಾರ ರಾತ್ರಿಯೊಳಗೆ 'ಬರುತ್ತೇನೆ' ಎಂದು ತಿಳಿಸಬೇಕಾಗಿ ವಿನಂತಿ. ಲಿಂಕನ್ನು ಅರ್ಧ ಗಂಟೆ ಮೊದಲು ಕಳುಹಿಸುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ಫಾರ್ವರ್ಡ್ ಸಂದೇಶಗಳನ್ನು ಹಾಕಬೇಡಿ.